ಆಂತರಿಕ ವಿಷಯವೆಂಬ ಕೋಟೆ: ದಕ್ಷಿಣ ಆಫ್ರಿಕಾದ ಮೇಲೆ 1946ರ ದೂರು ಮತ್ತು ಅದರ ನಂತರ

ಒಂದು ಸರ್ಕಾರ ತನ್ನ ನೆಲದ ಜನರನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂಬುದನ್ನು ಇನ್ನೊಂದು ಸರ್ಕಾರ ಕೇಳಬಹುದೇ ಎಂಬ ಪ್ರಶ್ನೆಗೆ ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ಅಂತಾರಾಷ್ಟ್ರೀಯ ಕಾನೂನು ಬಹುಮಟ್ಟಿಗೆ ಒಂದೇ ಉತ್ತರವನ್ನು ಕೊಡುತ್ತಿತ್ತು. ಅದು ಆ ದೇಶದ ಆಂತರಿಕ ವಿಷಯ, ಹೊರಗಿನವರು ಕೈಹಾಕುವಂತಿಲ್ಲ ಎಂಬುದೇ ಆ ಉತ್ತರ. ಈ ಉತ್ತರಕ್ಕೆ ವಿಶ್ವಸಂಸ್ಥೆಯೊಳಗೆ ಮೊದಲ ದೊಡ್ಡ ಪೆಟ್ಟು ಬಿದ್ದದ್ದು 1946ರ ಡಿಸೆಂಬರ್ 8ರಂದು, ದಕ್ಷಿಣ ಆಫ್ರಿಕಾದ ವರ್ಣತಾರತಮ್ಯದ ವಿರುದ್ಧ ಭಾರತ ತಂದಿದ್ದ ದೂರು ಸಾಮಾನ್ಯ ಸಭೆಯಲ್ಲಿ ಮತಕ್ಕೆ ಬಿದ್ದಾಗ. ಪೆಟ್ಟು ಕೊಟ್ಟ ದೇಶ ಆ ದಿನಕ್ಕೆ ಇನ್ನೂ ಸ್ವತಂತ್ರವಾಗಿರಲಿಲ್ಲ, ಪೆಟ್ಟು ತಿಂದ ಪ್ರಧಾನಿಯಾದರೋ ವಿಶ್ವಸಂಸ್ಥೆಯ ಸನ್ನದಿನ ಪೀಠಿಕೆಯ ಮೂಲ ಕರಡನ್ನು ಬರೆದವರೇ ಆಗಿದ್ದರು.

ದೂರಿನ ಬೇರು ಕಬ್ಬಿನ ಗದ್ದೆಯಲ್ಲಿತ್ತು. ಮದರಾಸಿನಿಂದ ಹೊರಟ ‘ಟ್ರೂರೋ’ ಎಂಬ ಹಡಗು 1860ರ ನವೆಂಬರ್ 16ರಂದು ನಟಾಲ್ ವಸಾಹತಿನ ಡರ್ಬನ್ ಬಂದರಿಗೆ ಭಾರತದ ಮೊದಲ ಕರಾರು ಕೂಲಿಗಳನ್ನು ತಂದಿಳಿಸಿತು. ಇಷ್ಟು ವರ್ಷ ಇಂಥ ಧಣಿಯ ಕೈಕೆಳಗೆ ದುಡಿಯುತ್ತೇನೆಂದು ಹೆಬ್ಬೆಟ್ಟು ಒತ್ತಿ ಹೋದವರು ಇವರು. ‘ಅಗ್ರಿಮೆಂಟ್’ ಎಂಬ ಮಾತು ಅವರ ನಾಲಿಗೆಯಲ್ಲಿ ‘ಗಿರ್ಮಿಟ್’ ಆಯಿತು, ಹಾಗೆ ಹೋದವರು ‘ಗಿರ್ಮಿಟಿಯ’ರಾದರು. 1911ರಲ್ಲಿ ನಟಾಲಿಗೆ ಈ ರವಾನೆ ನಿಲ್ಲುವಷ್ಟರಲ್ಲಿ ಸುಮಾರು 1,52,000 ಮಂದಿ ಹೀಗೆ ಸಮುದ್ರ ದಾಟಿದ್ದರು. ಅವರ ಹಿಂದೆಯೇ ಗುಜರಾತಿನ ವ್ಯಾಪಾರಿಗಳೂ ಸ್ವಂತ ಖರ್ಚಿನಲ್ಲಿ ಹೋದರು. ದುಡಿಯುವ ಕೈ ಬೇಕಾಗಿದ್ದ ಬಿಳಿಯ ಒಡೆಯರಿಗೆ, ಕರಾರು ಮುಗಿದ ಮೇಲೆ ಅದೇ ಕೈ ಪಕ್ಕದ ಮನೆಯ ಬಾಗಿಲು ತೆರೆಯುವುದು, ಪಕ್ಕದ ಅಂಗಡಿಯ ತಕ್ಕಡಿ ಹಿಡಿಯುವುದು ಬೇಡವಾಗಿತ್ತು. ಮೋಹನದಾಸ ಗಾಂಧಿಯವರು ಅಲ್ಲಿ ಕಳೆದ ಎರಡು ದಶಕಗಳ ಕಥೆ ಎಲ್ಲರಿಗೂ ತಿಳಿದದ್ದೇ. 1914ರಲ್ಲಿ ಅವರು ಜನರಲ್ ಯಾನ್ ಸ್ಮಟ್ಸ್ ಅವರೊಡನೆ ಒಪ್ಪಂದಕ್ಕೆ ಬಂದು ಊರಿಗೆ ಮರಳಿದರೂ ತಾರತಮ್ಯ ಮರಳಲಿಲ್ಲ, ಮತ್ತಷ್ಟು ಬಲಿಯಿತು.

1927ರ ಕೇಪ್‌ಟೌನ್ ಒಪ್ಪಂದ ಈ ಕಥೆಯಲ್ಲಿ ಮೇಲ್ನೋಟಕ್ಕೆ ಚಿಕ್ಕದಾಗಿ ಕಂಡರೂ ಮುಂದೆ ಭಾರ ಹೊತ್ತ ಕಂಬ. ಭಾರತಕ್ಕೆ ವಾಪಸು ಹೋಗಲೊಪ್ಪುವವರಿಗೆ ಹಡಗಿನ ಖರ್ಚು ಮತ್ತು ಸ್ವಲ್ಪ ಹಣ ಕೊಡುವುದು, ಅಲ್ಲೇ ಉಳಿಯುವವರ ಜೀವನಮಟ್ಟ ಏರಲು ದಕ್ಷಿಣ ಆಫ್ರಿಕಾದ ಸರ್ಕಾರ ನೆರವಾಗುವುದು, ಭಾರತ ಸರ್ಕಾರದ ಪ್ರತಿನಿಧಿಯೊಬ್ಬರು ಅಲ್ಲಿ ನೆಲೆಸಿ ಎರಡೂ ಕಡೆಯ ನಡುವೆ ಮಾತು ನಡೆಸುವುದು ಅದರ ಸಾರ. ಆ ಪ್ರತಿನಿಧಿಯನ್ನು ‘ಏಜೆಂಟ್’ ಎಂದು ಕರೆಯಲಾಯಿತು. ವಿ. ಎಸ್. ಶ್ರೀನಿವಾಸ ಶಾಸ್ತ್ರಿಗಳು ಮೊದಲ ಏಜೆಂಟರು. 1938ರಿಂದ 1941ರವರೆಗೆ ಆ ಹೊಣೆ ಹೊತ್ತವರು ಮಂಗಳೂರಿನ ಬೆನೆಗಲ್ ರಾಮರಾವ್, ಮುಂದೆ ರಿಸರ್ವ್ ಬ್ಯಾಂಕಿನ ಗವರ್ನರಾದ ಅದೇ ರಾಮರಾಯರು. ಈ ಹುದ್ದೆಯಲ್ಲಿ ಮರ್ಯಾದೆ ಇತ್ತು, ಬಲವಿರಲಿಲ್ಲ. ಏಜೆಂಟರು ಮಂತ್ರಿಗಳಿಗೆ ಮನವಿ ಬರೆಯಬಹುದಿತ್ತು, ಔತಣಕ್ಕೆ ಕರೆಸಿಕೊಳ್ಳಬಹುದಿತ್ತು, ಕಾನೂನಿನ ಒಂದು ಮಾತನ್ನು ಮೆದುಗೊಳಿಸುವಂತೆ ಕೇಳಬಹುದಿತ್ತು. ಮಂತ್ರಿಗಳು ಕೇಳದಿದ್ದರೆ ಸುಮ್ಮನಿರಬೇಕಿತ್ತು, ಏಕೆಂದರೆ ಅವರ ಬೆನ್ನಿಗಿದ್ದ ಭಾರತ ಸರ್ಕಾರವೇ ಲಂಡನ್ನಿನ ಅಧೀನದಲ್ಲಿತ್ತು. ಆದರೂ ಹತ್ತೊಂಬತ್ತು ವರ್ಷಗಳ ಈ ಮನವಿ ಪತ್ರಗಳು ವ್ಯರ್ಥವಾದವೆಂದು ಹೇಳಲಾಗದು. ದಕ್ಷಿಣ ಆಫ್ರಿಕಾದ ಭಾರತೀಯರ ಪಾಡು ಎರಡು ಸರ್ಕಾರಗಳ ನಡುವಿನ ಲಿಖಿತ ಮಾತಿಗೆ ಸೇರಿದೆ ಎಂಬುದಕ್ಕೆ ಅವೇ ಸಾಕ್ಷಿಯಾಗಿ ಉಳಿದವು, ಆ ಸಾಕ್ಷಿ 1946ರಲ್ಲಿ ಬೇಕಾಯಿತು.

ಆ ವರ್ಷದ ಜೂನ್ ತಿಂಗಳಲ್ಲಿ, ಆಗ ಪ್ರಧಾನಿಯಾಗಿದ್ದ ಸ್ಮಟ್ಸ್ ಅವರ ಸರ್ಕಾರ ಏಷಿಯನ್ನರ ಭೂ ಹಿಡುವಳಿ ಮತ್ತು ಭಾರತೀಯರ ಪ್ರಾತಿನಿಧ್ಯದ ಕಾಯಿದೆಯನ್ನು ಜಾರಿಗೆ ತಂದಿತು. ನಟಾಲಿನಲ್ಲಿ ಗೊತ್ತುಮಾಡಿದ ಕೆಲವು ಪ್ರದೇಶಗಳನ್ನು ಬಿಟ್ಟರೆ ಉಳಿದೆಡೆ ಭಾರತೀಯರು ಅನುಮತಿಯಿಲ್ಲದೆ ಬೇರೆಯವರಿಂದ ಜಮೀನು ಕೊಳ್ಳುವಂತಿಲ್ಲ, ವಾಸಿಸುವಂತಿಲ್ಲ ಎಂದು ಅದರ ಮೊದಲ ಭಾಗ ಹೇಳಿತು. ಎರಡನೆಯ ಭಾಗ ಭಾರತೀಯರಿಗೆ ಸಂಸತ್ತಿನಲ್ಲಿ ಬೆರಳೆಣಿಕೆಯ ಪ್ರತಿನಿಧಿಗಳನ್ನು ಕೊಟ್ಟಿತಾದರೂ ಆ ಪ್ರತಿನಿಧಿಗಳು ಬಿಳಿಯರೇ ಆಗಿರಬೇಕಿತ್ತು. ಅಲ್ಲಿನ ಭಾರತೀಯರು ಇದನ್ನು ‘ಘೆಟ್ಟೋ ಕಾಯಿದೆ’ ಎಂದು ಕರೆದರು. ಯುರೋಪಿನಲ್ಲಿ ಯಹೂದಿಗಳನ್ನು ಕೂಡಿಹಾಕುತ್ತಿದ್ದ ಕೇರಿಯ ಹೆಸರು ಅದು, ಹಿಟ್ಲರನ ಯುದ್ಧ ಮುಗಿದು ವರ್ಷವಷ್ಟೇ ಕಳೆದಿದ್ದಾಗ ಆ ಹೆಸರಿನ ಅರ್ಥವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಜೂನ್ 13ರಂದು ಡರ್ಬನ್ನಿನಲ್ಲಿ ಹರತಾಳ ನಡೆಯಿತು. ಅಂದು ಸಂಜೆ ಗೇಲ್ ಸ್ಟ್ರೀಟ್ ಮತ್ತು ಅಂಬಿಲೋ ರಸ್ತೆ ಕೂಡುವ ಮೂಲೆಯಲ್ಲಿದ್ದ, ನಗರಸಭೆಗೆ ಸೇರಿದ ಖಾಲಿ ನಿವೇಶನದಲ್ಲಿ ಸತ್ಯಾಗ್ರಹಿಗಳು ಗುಡಾರ ಹೊಡೆದು ಕುಳಿತರು. ಭಾರತೀಯರು ಇರಕೂಡದೆಂದು ಕಾನೂನು ಹೇಳಿದ ಜಾಗದಲ್ಲಿ ಇರುವುದು, ಅಷ್ಟೇ ಅವರ ಅಪರಾಧ. ರಾತ್ರಿ ಬಿಳಿಯ ಯುವಕರ ಗುಂಪುಗಳು ಬಂದು ಗುಡಾರಗಳನ್ನು ಕಿತ್ತು ಎಸೆದವು, ಒಳಗಿದ್ದ ಹೆಂಗಸರು ಗಂಡಸರೆನ್ನದೆ ಹೊಡೆದವು. ಬೆಳಗಾದರೆ ಅದೇ ಜಾಗಕ್ಕೆ ಹೊಸ ಸರದಿ ಬಂದು ಕೂರುತ್ತಿತ್ತು. ವೈದ್ಯರಾದ ಮಾಂಟಿ ನಾಯ್ಕರ್ ಮತ್ತು ಯೂಸುಫ್ ದಾದೂ ಈ ಹೋರಾಟದ ಮುಂದಾಳುಗಳು, ಇಂಗ್ಲಿಷ್ ಪಾದ್ರಿ ಮೈಕೆಲ್ ಸ್ಕಾಟ್ ಅವರೊಡನೆ ನಿಂತು ಜೈಲಿಗೆ ಹೋದ ಬಿಳಿಯ. ಎರಡು ವರ್ಷಗಳಲ್ಲಿ ಸುಮಾರು 2000 ಮಂದಿ ಸೆರೆವಾಸ ಅನುಭವಿಸಿದರು. ರಾಯಭಾರದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ನಿರ್ಣಯಗಳ ಸಂಖ್ಯೆಯಿಂದ ಆರಂಭಿಸುತ್ತಾರೆ. ಈ ದೂರಿನ ಮಟ್ಟಿಗಂತೂ ಆರಂಭಿಸಬೇಕಾದದ್ದು ಆ ಖಾಲಿ ನಿವೇಶನದಿಂದ, ಏಕೆಂದರೆ ಜೂನ್ 22ರಂದು ಭಾರತ ಸರ್ಕಾರ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಗೆ ಬರೆದ ಪತ್ರಕ್ಕೆ ಬಲ ಬಂದದ್ದು ಅಲ್ಲಿ ಏಟು ತಿಂದವರಿಂದಲೇ.

ಆ ಪತ್ರ ಹೊರಟಾಗ ದೆಹಲಿಯಲ್ಲಿ ಇದ್ದದ್ದು ವೈಸರಾಯ್ ವೇವೆಲ್ ಅವರ ಆಡಳಿತ. ಜವಾಹರಲಾಲ್ ನೆಹರೂ ನೇತೃತ್ವದ ಮಧ್ಯಂತರ ಸರ್ಕಾರ ಸೆಪ್ಟೆಂಬರಿನಲ್ಲಿ ಬಂತು. ಜನರ ಒತ್ತಾಯ ಎಷ್ಟಿತ್ತೆಂದರೆ ವೈಸರಾಯರ ಕಾರ್ಯಾಂಗವೇ ಬ್ರಿಟಿಷ್ ಸಾಮ್ರಾಜ್ಯದ ಇನ್ನೊಂದು ಸದಸ್ಯದೇಶದ ಮೇಲೆ ದೂರು ಕೊಡಬೇಕಾಯಿತು, ತನ್ನ ಹೈಕಮಿಷನರರನ್ನು ವಾಪಸು ಕರೆಸಿಕೊಳ್ಳಬೇಕಾಯಿತು, ಜುಲೈ 17ರಿಂದ ದಕ್ಷಿಣ ಆಫ್ರಿಕಾದೊಡನೆ ವ್ಯಾಪಾರವನ್ನೇ ನಿಲ್ಲಿಸಬೇಕಾಯಿತು. ದಕ್ಷಿಣ ಆಫ್ರಿಕಾದ ಮೇಲೆ ಯಾವುದೇ ದೇಶ ಹೇರಿದ ಮೊದಲ ವ್ಯಾಪಾರ ನಿಷೇಧ ಇದು. ಭಾರತದ ರಫ್ತಿನಲ್ಲಿ ಸುಮಾರು ಶೇ. 5.5ರಷ್ಟು ಆ ದೇಶಕ್ಕೆ ಹೋಗುತ್ತಿತ್ತು. ಅಲ್ಲಿನ ಮುಸುಕಿನ ಜೋಳದ ಫಸಲನ್ನು ತುಂಬುವ ಗೋಣಿಚೀಲ ಬಂಗಾಳದ ಸೆಣಬಿನದಾಗಿತ್ತು. ಬಡ ದೇಶವೊಂದು ತನ್ನ ಗಿರಾಕಿಯನ್ನು ತಾನೇ ಕಳೆದುಕೊಂಡ ಈ ನಡೆಗೆ ಮುಂದಿನ ಹದಿನೈದು ವರ್ಷ ಹೆಚ್ಚಿನ ಜೊತೆಗಾರರು ಸಿಗಲಿಲ್ಲ.

ವಿಶ್ವಸಂಸ್ಥೆಯ ಸನ್ನದಿನಲ್ಲಿ ಒಂದಕ್ಕೊಂದು ಎದುರಾಗಿ ನಿಂತ ಎರಡು ಮಾತುಗಳಿವೆ. ಜನಾಂಗ, ಲಿಂಗ, ಭಾಷೆ, ಧರ್ಮಗಳ ಭೇದವಿಲ್ಲದೆ ಮಾನವ ಹಕ್ಕುಗಳ ಗೌರವವನ್ನು ಬೆಳೆಸಬೇಕೆಂದು 55ನೆಯ ವಿಧಿ ಹೇಳುತ್ತದೆ, ಅದಕ್ಕಾಗಿ ಕೆಲಸ ಮಾಡುವೆವೆಂದು 56ನೆಯ ವಿಧಿಯಲ್ಲಿ ಸದಸ್ಯರಾಷ್ಟ್ರಗಳು ಮಾತು ಕೊಡುತ್ತವೆ. 2ನೆಯ ವಿಧಿಯ 7ನೆಯ ಉಪವಿಧಿಯಾದರೋ ಮೂಲತಃ ಒಂದು ರಾಷ್ಟ್ರದ ಒಳಾಡಳಿತಕ್ಕೆ ಸೇರಿದ ವಿಷಯದಲ್ಲಿ ವಿಶ್ವಸಂಸ್ಥೆ ಮಧ್ಯೆ ಪ್ರವೇಶಿಸುವಂತಿಲ್ಲ ಎನ್ನುತ್ತದೆ. ಮೊದಲನೆಯದು ವಾಗ್ದಾನ, ಎರಡನೆಯದು ಕೋಟೆ. ಸ್ಮಟ್ಸ್ ಈ ಕೋಟೆಯೊಳಗೆ ನಿಂತು ವಾದಿಸಿದರು: ದಕ್ಷಿಣ ಆಫ್ರಿಕಾದ ಭಾರತೀಯರು ದಕ್ಷಿಣ ಆಫ್ರಿಕಾದ ಪ್ರಜೆಗಳು, ಅವರ ವಿಷಯ ತಮ್ಮ ಸರ್ಕಾರಕ್ಕೆ ಸೇರಿದ್ದು, ಸಂದೇಹವಿದ್ದರೆ ಅಂತಾರಾಷ್ಟ್ರೀಯ ನ್ಯಾಯಾಲಯದ ಅಭಿಪ್ರಾಯ ಕೇಳೋಣ. ನ್ಯಾಯಾಲಯಕ್ಕೆ ಹೋಗೋಣವೆಂಬ ಮಾತು ಕೇಳಲು ಸಾಧುವಾಗಿತ್ತು, ಬ್ರಿಟನ್ನಿನ ಪ್ರತಿನಿಧಿ ಹಾರ್ಟ್ಲಿ ಶಾಕ್ರಾಸ್ ಅದನ್ನು ಬೆಂಬಲಿಸಿದರು. ಅದರ ಫಲವೇನಾಗುತ್ತಿತ್ತೆಂದರೆ ಮನುಷ್ಯರ ಮಾನದ ಪ್ರಶ್ನೆ ವಕೀಲರ ಪ್ರಶ್ನೆಯಾಗಿ ಮಾರ್ಪಟ್ಟು ವರ್ಷಗಟ್ಟಲೆ ಹೇಗ್ ನಗರದ ಕಡತಗಳಲ್ಲಿ ಕೂರುತ್ತಿತ್ತು. ಭಾರತದ ಉತ್ತರ ಎರಡು ಹೆಜ್ಜೆಗಳಲ್ಲಿ ಬಂತು. ಕೇಪ್‌ಟೌನ್ ಒಪ್ಪಂದದಂಥ ಮಾತುಕತೆಗಳನ್ನು ಎರಡು ಸರ್ಕಾರಗಳು ಮಾಡಿಕೊಂಡ ಮೇಲೆ ವಿಷಯ ಒಳಾಡಳಿತದ್ದಾಗಿ ಉಳಿಯಲಿಲ್ಲ ಎಂಬುದು ಮೊದಲನೆಯದು. ಎರಡು ಸದಸ್ಯರಾಷ್ಟ್ರಗಳ ಸ್ನೇಹವೇ ಮುರಿದಿರುವಾಗ ಅದನ್ನು ಚರ್ಚಿಸುವ ಅಧಿಕಾರ ಸನ್ನದಿನ 10 ಮತ್ತು 14ನೆಯ ವಿಧಿಗಳ ಪ್ರಕಾರ ಸಾಮಾನ್ಯ ಸಭೆಗಿದೆ ಎಂಬುದು ಎರಡನೆಯದು. ಏಜೆಂಟರ ಕಾಲದ ಹಳೆಯ ಕಾಗದಗಳು ಇಲ್ಲಿ ಉಪಯೋಗಕ್ಕೆ ಬಂದವು.

ಸಭೆ ಕೂಡಿದ್ದ ಜಾಗವೂ ನೆನಪಿಡುವಂಥದು. ವಿಶ್ವಸಂಸ್ಥೆಗೆ ಆಗ ಸ್ವಂತ ಕಟ್ಟಡವಿರಲಿಲ್ಲ. ನ್ಯೂಯಾರ್ಕಿನ ಫ್ಲಶಿಂಗ್ ಮೆಡೋ ಎಂಬಲ್ಲಿ 1939ರ ವಿಶ್ವಮೇಳಕ್ಕೆ ಕಟ್ಟಿ ಆಮೇಲೆ ಹಿಮಜಾರಾಟಕ್ಕೆ ಬಳಸುತ್ತಿದ್ದ ಕಟ್ಟಡವನ್ನು ಸಾಮಾನ್ಯ ಸಭೆಗಾಗಿ ಸಜ್ಜುಗೊಳಿಸಲಾಗಿತ್ತು. ಅಲ್ಲಿಗೆ ಬಂದ ಭಾರತದ ನಿಯೋಗದ ಮುಖ್ಯಸ್ಥೆ ವಿಜಯಲಕ್ಷ್ಮೀ ಪಂಡಿತ್, ಬ್ರಿಟಿಷರ ಜೈಲುಗಳನ್ನು ಒಂದಲ್ಲ ಮೂರು ಬಾರಿ ಕಂಡು ಬಂದಿದ್ದವರು. ಎದುರಿಗೆ ಸ್ಮಟ್ಸ್, ಎರಡು ಮಹಾಯುದ್ಧಗಳ ಸೇನಾನಿ, ರಾಷ್ಟ್ರಸಂಘ ಮತ್ತು ವಿಶ್ವಸಂಸ್ಥೆ ಎರಡನ್ನೂ ಕಟ್ಟಿದವರಲ್ಲಿ ಒಬ್ಬರು, ಲೋಕ ಗೌರವಿಸುತ್ತಿದ್ದ ಹಿರಿಯರು. ಭಾರತದಲ್ಲಿ ಜಾತಿಯ ಕಟ್ಟುಪಾಡೂ ಕೋಮುಗಲಭೆಗಳೂ ಇರುವಾಗ ಅದು ಬೇರೆಯವರಿಗೆ ಪಾಠ ಹೇಳಬಹುದೇ ಎಂಬ ಪ್ರಶ್ನೆ ದಕ್ಷಿಣ ಆಫ್ರಿಕಾದ ಕಡೆಯಿಂದ ಬಂತು. ಆ ಪ್ರಶ್ನೆಯಲ್ಲಿ ಸತ್ಯವಿತ್ತೆಂಬುದನ್ನು ಯಾವ ಭಾರತೀಯನೂ ಅಲ್ಲಗಳೆಯಲಾರ. ಆದರೆ ಒಂದು ದೇಶ ತನ್ನ ಸಮಾಜದ ಪಾಪವನ್ನು ಕಾನೂನಿನಿಂದ ತೊಡೆಯಲು ಹೊರಟಿರುವುದಕ್ಕೂ ಇನ್ನೊಂದು ದೇಶ ಅಂಥ ಪಾಪವನ್ನೇ ಕಾನೂನಾಗಿ ಬರೆಯಲು ಹೊರಟಿರುವುದಕ್ಕೂ ಅಂತರವಿದೆ, ಸಭೆಯ ಬಹುಪಾಲು ಸದಸ್ಯರು ಕಂಡದ್ದು ಆ ಅಂತರವನ್ನು.

ಫ್ರಾನ್ಸ್ ಮತ್ತು ಮೆಕ್ಸಿಕೋ ಸೇರಿ ಮಂಡಿಸಿದ ನಿರ್ಣಯದ ಮಾತುಗಳು ತೀರ ಸೌಮ್ಯ: ಎರಡು ಸರ್ಕಾರಗಳ ನಡುವಿನ ಒಪ್ಪಂದಗಳಿಗೂ ಸನ್ನದಿಗೂ ಅನುಗುಣವಾಗಿ ದಕ್ಷಿಣ ಆಫ್ರಿಕಾದ ಭಾರತೀಯರನ್ನು ನಡೆಸಿಕೊಳ್ಳಬೇಕು, ಏನು ಮಾಡಲಾಯಿತೆಂದು ಮುಂದಿನ ಅಧಿವೇಶನಕ್ಕೆ ಎರಡೂ ಕಡೆಯವರು ವರದಿ ಕೊಡಬೇಕು. ಪ್ರಕರಣವನ್ನು ನ್ಯಾಯಾಲಯಕ್ಕೆ ಒಯ್ಯುವ ತಿದ್ದುಪಡಿ 21ಕ್ಕೆ 31 ಮತಗಳಿಂದ ಬಿದ್ದುಹೋಯಿತು. ಮೂಲ ನಿರ್ಣಯಕ್ಕೆ ಮತ ಹಾಕಿದವರಲ್ಲಿ ಮೂರನೇ ಎರಡರಷ್ಟು ಮಂದಿಯ ಒಪ್ಪಿಗೆ ಬೇಕಾಗಿತ್ತು. ಪರವಾಗಿ 32, ವಿರುದ್ಧವಾಗಿ 15 ಮತಗಳು ಬಿದ್ದವು, 7 ದೇಶಗಳು ತಟಸ್ಥವಾಗಿ ಉಳಿದವು. ಪರವಾಗಿದ್ದ ಒಂದೇ ಒಂದು ದೇಶ ಎದುರು ಪಕ್ಷಕ್ಕೆ ವಾಲಿದ್ದರೂ ನಿರ್ಣಯ ಸೋಲುತ್ತಿತ್ತು. ಸೋವಿಯತ್ ಒಕ್ಕೂಟ, ಚೀನಾ, ಫ್ರಾನ್ಸ್ ಪರವಾಗಿದ್ದವು. ಬ್ರಿಟನ್ ಮತ್ತು ಅಮೆರಿಕ ವಿರುದ್ಧವಾಗಿದ್ದವು. ಮತದಾನ ಮುಗಿದ ಮೇಲೆ ವಿಜಯಲಕ್ಷ್ಮಿಯವರು ಸ್ಮಟ್ಸ್ ಕುಳಿತಿದ್ದ ಆಸನದ ಬಳಿಗೆ ಹೋಗಿ, ತಮ್ಮ ಮಾತು ಎಲ್ಲಾದರೂ ಗಾಂಧೀಜಿ ಕಲಿಸಿದ ಮಟ್ಟದಿಂದ ಕೆಳಗಿಳಿದಿದ್ದರೆ ಕ್ಷಮಿಸಬೇಕೆಂದು ಕೇಳಿಕೊಂಡರು. ಇದು ಪೊಳ್ಳು ಗೆಲುವು, ತಾನು ಚುನಾವಣೆಯಲ್ಲಿ ಅಧಿಕಾರ ಕಳೆದುಕೊಳ್ಳುತ್ತೇನೆ, ನಿಮಗೇನೂ ದಕ್ಕುವುದಿಲ್ಲ ಎಂಬರ್ಥದ ಮಾತನ್ನು ಆ ಹಿರಿಯರು ಆಡಿದರೆಂದು ಅವರು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ.

ಈ ಗೆಲುವಿನ ಒಂದು ಕೊರತೆಯನ್ನು ಮುಚ್ಚಿಡಬಾರದು. ಭಾರತದ ದೂರು ಭಾರತೀಯರ ಬಗ್ಗೆ ಇತ್ತು. ಆ ದೇಶದ ಬಹುಸಂಖ್ಯಾತರಾದ ಕರಿಯರ ಪಾಡು ಇನ್ನೂ ಘೋರವಾಗಿದ್ದರೂ ಅವರ ಪರವಾಗಿ ಎತ್ತಿ ತೋರಿಸಲು ಯಾವ ಒಪ್ಪಂದದ ಕಾಗದವೂ ಇರಲಿಲ್ಲ. ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿನ ಅಧ್ಯಕ್ಷರಾದ ಡಾ. ಎ. ಬಿ. ಕ್ಸೂಮಾ ಆ ದಿನಗಳಲ್ಲಿ ನ್ಯೂಯಾರ್ಕಿಗೆ ಬಂದಿದ್ದರು, ಸಭೆಯಲ್ಲಿ ಮಾತಾಡುವ ಹಕ್ಕಿಲ್ಲದೆ ಸಭೆಯ ಹೊರಗೆ ಓಡಾಡುತ್ತ ನಿಯೋಗಗಳಿಗೆ ತಮ್ಮ ಜನರ ಸ್ಥಿತಿಯನ್ನು ವಿವರಿಸುತ್ತಿದ್ದರು. ಅಲ್ಲಿ ಸ್ಮಟ್ಸ್ ಎದುರಾಗಿ ನೀವಿಲ್ಲೇನು ಮಾಡುತ್ತಿದ್ದೀರೆಂದು ಕೇಳಿದಾಗ, ತಮ್ಮ ಪ್ರಧಾನಿಯನ್ನು ಕಾಣಲು ಹತ್ತು ಸಾವಿರ ಮೈಲಿ ಹಾರಿ ಬರಬೇಕಾಯಿತೆಂದು ಅವರು ಉತ್ತರಿಸಿದರಂತೆ. ಸ್ವಂತ ಊರಿನಲ್ಲಿ ಬಾಗಿಲು ತೆರೆಯದ ಆಳುವವನನ್ನು ಪರದೇಶದ ಸಭಾಂಗಣದಲ್ಲಿ ಕಾಣುವುದು ಮುಂದಿನ ನಲವತ್ತು ವರ್ಷ ಆ ದೇಶದ ಹೋರಾಟಗಾರರ ದಾರಿಯಾಯಿತು. 1947ರ ಮಾರ್ಚಿನಲ್ಲಿ ಕ್ಸೂಮಾ, ನಾಯ್ಕರ್, ದಾದೂ ಈ ಮೂವರು ಸೇರಿ ಮಾಡಿಕೊಂಡ ಒಪ್ಪಂದವನ್ನು ‘ಮೂವರು ವೈದ್ಯರ ಒಪ್ಪಂದ’ ಎಂದು ಕರೆಯುತ್ತಾರೆ. ಆಫ್ರಿಕನ್ನರೂ ಭಾರತೀಯರೂ ಒಂದಾಗಿ ಹೋರಾಡಬೇಕೆಂಬ ಮಾತು ಅಲ್ಲಿ ಮೊದಲ ಬಾರಿಗೆ ಕಾಗದಕ್ಕಿಳಿಯಿತು. ಡರ್ಬನ್ನಿನ ಸತ್ಯಾಗ್ರಹ ತಮ್ಮ ಪೀಳಿಗೆಗೆ ಮಾದರಿಯಾಯಿತೆಂದು ನೆಲ್ಸನ್ ಮಂಡೇಲಾ ಮುಂದೆ ಬರೆದರು.

ಸ್ಮಟ್ಸ್ ಹೇಳಿದ ಭವಿಷ್ಯದಲ್ಲಿ ಅರ್ಧ ನಿಜವಾಯಿತು. 1948ರ ಮೇ ತಿಂಗಳ ಚುನಾವಣೆಯಲ್ಲಿ ಅವರು ಸೋತರು, ಗೆದ್ದ ಡಿ. ಎಫ್. ಮಲಾನ್ ಅವರ ನ್ಯಾಷನಲ್ ಪಕ್ಷ ‘ಅಪಾರ್ಥೀಡ್’ ಎಂಬ ಘೋಷಣೆಯೊಡನೆ ಬಂತು. ಆಫ್ರಿಕಾನ್ಸ್ ಭಾಷೆಯಲ್ಲಿ ಬೇರ್ಪಟ್ಟಿರುವಿಕೆ ಎಂಬ ಅರ್ಥದ ಈ ಮಾತು ಹುಟ್ಟು, ಮದುವೆ, ವಾಸ, ಶಾಲೆ, ದುಡಿಮೆ, ಸಾವು ಎಲ್ಲವನ್ನೂ ಮೈಬಣ್ಣದ ಪ್ರಕಾರ ಹಂಚುವ ಕಾನೂನುಗಳ ಸರಪಳಿಯಾಯಿತು. ಅದೇ ವರ್ಷದ ಡಿಸೆಂಬರ್ 10ರಂದು ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆ ಮತಕ್ಕೆ ಬಂದಾಗ ತಟಸ್ಥವಾದ 8 ದೇಶಗಳಲ್ಲಿ ದಕ್ಷಿಣ ಆಫ್ರಿಕಾ ಒಂದು. ಹೊರಗಿನ ಒತ್ತಡ ಆಳುವವರನ್ನು ಮೊದಲು ಇನ್ನಷ್ಟು ಮೊಂಡಾಗಿಸುತ್ತದೆ ಎಂಬುದಕ್ಕೆ ಈ ವರ್ಷಗಳೇ ನಿದರ್ಶನ.

ಕೋಟೆಯ ಕಲ್ಲುಗಳನ್ನು ಭಾರತವೂ ತನಗೆ ಬೇಕಾದಾಗ ಬಳಸಿತು. ಹೈದರಾಬಾದಿನ ನಿಜಾಮರ ಸರ್ಕಾರ ಒಯ್ದ ದೂರು 1948ರ ಸೆಪ್ಟೆಂಬರಿನಲ್ಲಿ ಭದ್ರತಾ ಮಂಡಳಿಯ ಮುಂದೆ ಬಂದಾಗ ಭಾರತದ ಪರವಾಗಿ ಎದ್ದು ನಿಂತವರು ಮೈಸೂರಿನ ದಿವಾನರಾಗಿದ್ದ ಸರ್ ಎ. ರಾಮಸ್ವಾಮಿ ಮೊದಲಿಯಾರ್, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಿಶ್ವಸಂಸ್ಥೆಯ ಸನ್ನದಿಗೆ ಭಾರತದ ಪರ ರುಜು ಹಾಕಿದವರು. ಹೈದರಾಬಾದ್ ಸ್ವತಂತ್ರ ರಾಷ್ಟ್ರವೇ ಅಲ್ಲ, ಆದ್ದರಿಂದ ಅದರ ದೂರನ್ನು ಕೇಳುವ ಅಧಿಕಾರ ಮಂಡಳಿಗಿಲ್ಲ ಎಂಬುದು ಅವರ ವಾದ. ನಿಜಾಮರ ಪರದ ರಜಾಕಾರರ ಹಾವಳಿಯಲ್ಲಿ ನಲುಗಿದ್ದ ಬೀದರ್, ಕಲಬುರಗಿ, ರಾಯಚೂರಿನ ಜನಕ್ಕೆ ಆ ವಾದ ಬಿಡುಗಡೆಯ ಕಡೆಗಿನದಾಗಿತ್ತೆಂಬುದು ಸತ್ಯ. ಎರಡು ವರ್ಷ ಮೊದಲು ಅಧಿಕಾರವ್ಯಾಪ್ತಿಯ ತಡೆಗೋಡೆಯನ್ನು ಅನ್ಯಾಯದ ಆಸರೆಯೆಂದು ಖಂಡಿಸಿದ ದೇಶ ಈಗ ಅಂಥದೇ ಗೋಡೆಯ ಆಸರೆ ಪಡೆಯಿತೆಂಬುದೂ ಸತ್ಯವೇ, ಇವೆರಡನ್ನೂ ಒಟ್ಟಿಗೆ ಹೇಳದ ಇತಿಹಾಸ ಅಪೂರ್ಣ.

1950ರಲ್ಲಿ ಭಾರತದ ಖಾಯಂ ಪ್ರತಿನಿಧಿಯಾಗಿ ವಿಶ್ವಸಂಸ್ಥೆಯಲ್ಲಿದ್ದವರು ರಾಮರಾಯರ ಅಣ್ಣ, ಸಂವಿಧಾನದ ಮೊದಲ ಕರಡನ್ನು ಸಿದ್ಧಪಡಿಸಿದ ಬೆನೆಗಲ್ ನರಸಿಂಗರಾವ್. ತಮ್ಮ ಏಜೆಂಟನಾಗಿ ಮನವಿ ಸಲ್ಲಿಸುತ್ತಿದ್ದ ವಿಷಯ ಈ ಹೊತ್ತಿಗೆ ಅಣ್ಣನಿದ್ದ ಸಭೆಯ ಕಾರ್ಯಸೂಚಿಯಲ್ಲಿ ವರ್ಷವರ್ಷವೂ ಮರಳಿ ಬರುವ ಅಂಶವಾಗಿತ್ತು. ದಕ್ಷಿಣ ಆಫ್ರಿಕಾ ಆ ವರ್ಷ ಜನಾಂಗವಾರು ಕೇರಿಗಳನ್ನು ವಿಂಗಡಿಸುವ ‘ಗ್ರೂಪ್ ಏರಿಯಾಸ್’ ಕಾಯಿದೆಯನ್ನು ತಂದಾಗ ಭಾರತ ನಡೆಯಬೇಕಿದ್ದ ದುಂಡುಮೇಜಿನ ಮಾತುಕತೆಯಿಂದ ಹಿಂದೆ ಸರಿಯಿತು. ಡಿಸೆಂಬರಿನಲ್ಲಿ ಸಾಮಾನ್ಯ ಸಭೆ ಅಪಾರ್ಥೀಡ್ ನೀತಿ ಜನಾಂಗಭೇದದ ಸಿದ್ಧಾಂತದ ಮೇಲೆಯೇ ನಿಂತದ್ದೆಂದು ನಿರ್ಣಯದಲ್ಲಿ ಬರೆಯಿತು. 1952ರಲ್ಲಿ ಅರಬ್ ಮತ್ತು ಏಷ್ಯಾದ 13 ದೇಶಗಳು ಭಾರತೀಯರ ವಿಷಯದಿಂದ ಬೇರೆಯಾಗಿ ಅಪಾರ್ಥೀಡನ್ನೇ ಒಟ್ಟಾಗಿ ಸಭೆಯ ಮುಂದಿಟ್ಟವು. ಆರು ವರ್ಷ ಹಿಂದೆ ಕ್ಸೂಮಾ ಬಾಗಿಲ ಹೊರಗೆ ನಿಂತು ಹೇಳಿದ್ದು ಆಗ ಒಳಗೆ ಬಂತು.

ಮಾತು ಒಳಗೆ ಬಂದರೂ ಕೈ ಮುಂದೆ ಬರಲಿಲ್ಲ. ಚಿನ್ನ, ಯುರೇನಿಯಂ, ಹೂಡಿಕೆ, ಶೀತಲ ಸಮರದ ಲೆಕ್ಕಾಚಾರ ಇವು ಪಶ್ಚಿಮದ ರಾಜಧಾನಿಗಳಲ್ಲಿ ಅಪಾರ್ಥೀಡಿಗೆ ಕಾವಲು ನಿಂತಿದ್ದವು. 1960ರ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ ಪೊಲೀಸರ ಗುಂಡಿಗೆ 69 ಮಂದಿ ಬಲಿಯಾದ ಮೇಲಷ್ಟೇ ಭದ್ರತಾ ಮಂಡಳಿ ಈ ವಿಷಯದಲ್ಲಿ ಮೊದಲ ನಿರ್ಣಯ ಮಾಡಿತು. 1962ರ ನವೆಂಬರಿನಲ್ಲಿ ಸಾಮಾನ್ಯ ಸಭೆ ದಕ್ಷಿಣ ಆಫ್ರಿಕಾದೊಡನೆ ರಾಯಭಾರ ಸಂಬಂಧವನ್ನೂ ವ್ಯಾಪಾರವನ್ನೂ ಕಡಿದುಕೊಳ್ಳುವಂತೆ ಸದಸ್ಯರನ್ನು ಕೋರಿತು, ವಿಶೇಷ ಸಮಿತಿಯೊಂದನ್ನು ನೇಮಿಸಿತು. ಆ ಸಮಿತಿಗೆ ಪ್ರಮುಖ ಪಾಶ್ಚಾತ್ಯ ದೇಶಗಳು ಸೇರಲೊಪ್ಪಲಿಲ್ಲ. ಅದರ ಕಾರ್ಯದರ್ಶಿಯಾಗಿ ದುಡಿದ ಇ. ಎಸ್. ರೆಡ್ಡಿ, 1946ರಲ್ಲಿ ವಿದ್ಯಾರ್ಥಿಯಾಗಿ ನ್ಯೂಯಾರ್ಕಿಗೆ ಬಂದು ಇಳಿದಿದ್ದವರು, ಈ ಗೈರುಹಾಜರಿಯನ್ನೇ ಅನುಕೂಲವಾಗಿ ಮಾಡಿಕೊಂಡರು. ಅಡ್ಡಿಪಡಿಸುವವರಿಲ್ಲದ ಸಮಿತಿ ಗಡೀಪಾರಾದ ಹೋರಾಟಗಾರರ ಸಾಕ್ಷ್ಯ ಕೇಳುವ, ಸೆರೆಯಾಳುಗಳ ಕುಟುಂಬಗಳಿಗೆ ನೆರವು ಹೊಂದಿಸುವ, ಚರ್ಚು ಕಾರ್ಮಿಕ ಸಂಘಗಳನ್ನು ಬಹಿಷ್ಕಾರಕ್ಕೆ ಹುರಿದುಂಬಿಸುವ ಕಚೇರಿಯಾಯಿತು. 1963ರ ಅಕ್ಟೋಬರ್ 11ರಂದು, ರಿವೋನಿಯಾ ಮೊಕದ್ದಮೆಯಲ್ಲಿ ಮಂಡೇಲಾ ಮೊದಲಾದವರ ಕೊರಳಿನ ಮೇಲೆ ಗಲ್ಲಿನ ಹಗ್ಗ ತೂಗುತ್ತಿದ್ದಾಗ, ರಾಜಕೀಯ ಕೈದಿಗಳ ಬಿಡುಗಡೆ ಕೋರುವ ನಿರ್ಣಯಕ್ಕೆ ಸಾಮಾನ್ಯ ಸಭೆಯಲ್ಲಿ 106 ಮತಗಳು ಬಂದವು, ಎದುರಿಗೆ ಬಿದ್ದದ್ದು ದಕ್ಷಿಣ ಆಫ್ರಿಕಾದ ಒಂದೇ ಮತ.

ಕಡ್ಡಾಯವಾದ ಶಸ್ತ್ರಾಸ್ತ್ರ ನಿಷೇಧ ಬರಲು 1977ರ ನವೆಂಬರ್ 4ರವರೆಗೆ ಕಾಯಬೇಕಾಯಿತು, ಅದಕ್ಕೂ ಸೊವೆಟೋದಲ್ಲಿ ಶಾಲಾಮಕ್ಕಳ ರಕ್ತ ಹರಿಯಬೇಕಾಯಿತು. 1986ರಲ್ಲಿ ಕಾಮನ್‌ವೆಲ್ತ್ ಕಳಿಸಿದ ಗಣ್ಯರ ತಂಡದ ಅನುಭವ ಆ ಆಡಳಿತದ ಸ್ವಭಾವವನ್ನು ತಿಳಿಯಲು ಸಾಕು. ಆಸ್ಟ್ರೇಲಿಯಾದ ಮಾಲ್ಕಂ ಫ್ರೇಸರ್, ನೈಜೀರಿಯಾದ ಒಬಾಸಾಂಜೋ ನಾಯಕತ್ವದ, ಭಾರತದ ಸ್ವರಣ್ ಸಿಂಗ್ ಸದಸ್ಯರಾಗಿದ್ದ ಏಳು ಜನರ ಆ ತಂಡ ಪೋಲ್ಸ್‌ಮೂರ್ ಜೈಲಿನಲ್ಲಿ ಮಂಡೇಲಾರನ್ನು ಕಂಡು, ಹಿಂಸೆ ನಿಲ್ಲಿಸಿ ಮಾತುಕತೆ ಆರಂಭಿಸುವ ಸೂತ್ರವೊಂದನ್ನು ಎರಡೂ ಕಡೆಗೆ ಕೊಟ್ಟಿತ್ತು. ಮೇ 19ರಂದು ತಂಡ ಇನ್ನೂ ದೇಶದೊಳಗೆ ಇರುವಾಗಲೇ ದಕ್ಷಿಣ ಆಫ್ರಿಕಾದ ಸೇನೆ ಹರಾರೆ, ಗ್ಯಾಬೊರೋನ್, ಲುಸಾಕಾ ಈ ಮೂರು ನೆರೆಯ ರಾಜಧಾನಿಗಳ ಮೇಲೆ ದಾಳಿ ಮಾಡಿತು. ತಂಡ ಮರಳಿ ಹೋಗಿ, ನಿರ್ಬಂಧಗಳನ್ನು ಬಿಟ್ಟು ಬೇರೆ ದಾರಿಯಿಲ್ಲವೆಂಬ ವರದಿ ಬರೆಯಿತು. ಅಷ್ಟರಲ್ಲಿ ಚೇಸ್ ಮ್ಯಾನ್‌ಹಟನ್ ಬ್ಯಾಂಕು ಅಲ್ಪಾವಧಿ ಸಾಲಗಳನ್ನು ಮುಂದುವರಿಸಲು 1985ರಲ್ಲಿ ಒಪ್ಪದೆ ರಾಂಡ್ ನಾಣ್ಯದ ಬೆಲೆ ಕುಸಿದಿತ್ತು. 1986ರ ಅಕ್ಟೋಬರಿನಲ್ಲಿ ಅಧ್ಯಕ್ಷ ರೇಗನ್ ಅವರ ವೀಟೋವನ್ನು ಮೀರಿ ಅಮೆರಿಕದ ಕಾಂಗ್ರೆಸ್ಸು ನಿರ್ಬಂಧದ ಕಾನೂನು ಮಾಡಿತು. ನಲವತ್ತು ವರ್ಷ ಮೊದಲು ಗೋಣಿಚೀಲದಿಂದ ಆರಂಭವಾದದ್ದು ಬ್ಯಾಂಕಿನ ಬಾಗಿಲಿಗೆ ಮುಟ್ಟಿತ್ತು. ಕರಿಯರ ಕೇರಿಗಳಾದ ಟೌನ್‌ಶಿಪ್‌ಗಳಲ್ಲಿ ಜನ ದಂಗೆ ಎದ್ದಿರದಿದ್ದರೆ ಯಾವ ಬ್ಯಾಂಕೂ ಬೆದರುತ್ತಿರಲಿಲ್ಲ ಎಂಬುದನ್ನೂ ಇಲ್ಲಿ ಸೇರಿಸಿ ಹೇಳಬೇಕು.

ಭಾರತದಲ್ಲಿ ಈ ನಿಷೇಧ ಸಾಮಾನ್ಯ ಮನುಷ್ಯನ ಕೈಗೆ ಸಿಗುತ್ತಿದ್ದದ್ದು ಪಾಸ್‌ಪೋರ್ಟಿನ ಪುಟದಲ್ಲಿ, ದಕ್ಷಿಣ ಆಫ್ರಿಕಾವನ್ನು ಬಿಟ್ಟು ಉಳಿದ ದೇಶಗಳಿಗೆ ಎಂಬರ್ಥದ ಒಂದು ಸಾಲಾಗಿ. 1974ರಲ್ಲಿ ಡೇವಿಸ್ ಕಪ್ ಟೆನಿಸ್ಸಿನ ಅಂತಿಮ ಸುತ್ತಿಗೇರಿದ ಭಾರತ ಎದುರಾಳಿ ದಕ್ಷಿಣ ಆಫ್ರಿಕಾ ಎಂಬ ಕಾರಣಕ್ಕೆ ಆಡದೆ ಕಪ್ಪನ್ನು ಬಿಟ್ಟುಕೊಟ್ಟಿತು. ಅದೇ ವರ್ಷದ ನವೆಂಬರಿನಲ್ಲಿ ಸಾಮಾನ್ಯ ಸಭೆ ದಕ್ಷಿಣ ಆಫ್ರಿಕಾದ ನಿಯೋಗವನ್ನು ಕಲಾಪದಿಂದ ಹೊರಗಿಟ್ಟಿತು. ಮಂಡೇಲಾ 1990ರ ಫೆಬ್ರವರಿಯಲ್ಲಿ ಜೈಲಿನಿಂದ ಹೊರಬಂದರು, 1993ರಲ್ಲಿ ಭಾರತ ವ್ಯಾಪಾರ ನಿಷೇಧವನ್ನು ತೆಗೆದು ರಾಯಭಾರ ಸಂಬಂಧವನ್ನು ಮತ್ತೆ ಬೆಸೆಯಿತು, 1994ರ ಏಪ್ರಿಲ್ ಕೊನೆಯಲ್ಲಿ ಎಲ್ಲ ಬಣ್ಣದ ಜನರೂ ಒಂದೇ ಸಾಲಿನಲ್ಲಿ ನಿಂತು ಮತ ಹಾಕಿದರು. ಆ ವರ್ಷದ ಜೂನ್ 23ರಂದು, ಗೇಲ್ ಸ್ಟ್ರೀಟಿನ ಗುಡಾರಗಳ ಸುದ್ದಿ ಹೊತ್ತ ಪತ್ರ ದೆಹಲಿಯಿಂದ ಹೊರಟು ನಲವತ್ತೆಂಟು ವರ್ಷ ಒಂದು ದಿನ ಕಳೆದ ಮೇಲೆ, ದಕ್ಷಿಣ ಆಫ್ರಿಕಾದ ಪ್ರತಿನಿಧಿಗಳು ಸಾಮಾನ್ಯ ಸಭೆಯ ತಮ್ಮ ಆಸನಕ್ಕೆ ಮರಳಿದರು, ಸಭೆ ಅಪಾರ್ಥೀಡನ್ನು ತನ್ನ ಕಾರ್ಯಸೂಚಿಯಿಂದ ತೆಗೆದುಹಾಕಿತು.